ಎ ಒತ್ತಿದರೆ ಹಿಂದೆ, ಎಸ್ ಒತ್ತಿದರೆ ಮುಂದೆ

ನನ್ನ ಕೀಬೋರ್ಡಿನಲ್ಲಿ ಎ ಮತ್ತು ಎಸ್ ಅಕ್ಷರಗಳು ಅಳಿಸಿ ಹೋಗಿವೆ. ಎರಡೂ ಬರೀ ಕಪ್ಪು ಚೌಕ, ಎಣ್ಣೆ ಹಚ್ಚಿದ ಹಾಗೆ ಮಿಂಚುತ್ತವೆ. ಪಕ್ಕದ ಡಿ ಅರ್ಧ ಉಳಿದಿದೆ. ಎಡಿಟಿಂಗ್ ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು ಕತ್ತರಿ ಅಲ್ವಾ, ಆ ಕತ್ತರಿಯ ಸಿ ಕೀ ಮಾತ್ರ ಅಂಗಡಿಯಿಂದ ತಂದ ದಿನ ಇದ್ದ ಹಾಗೇ ಇದೆ. ಹೊಸದಾಗಿ ಕೆಲಸ ಕಲಿಯಲು ಬರುವ ಹುಡುಗರಿಗೆ ನಾನು ಮೊದಲು ತೋರಿಸೋದು ಇದನ್ನೇ. ಯಾವ ಕೀ ಸವೆದಿದೆ ನೋಡು, ನಮ್ಮ ಕೆಲಸ ಏನು ಅಂತ ಗೊತ್ತಾಗುತ್ತೆ.

ನಾನು ಕೊಪ್ಪಳದಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುತ್ತೇನೆ. ಗವಿಮಠದ ಕಡೆ ಹೋಗುವ ದಾರಿಯಲ್ಲಿ ಮೊದಲ ಮಹಡಿಯ ಒಂದು ಸಣ್ಣ ರೂಮು. ಒಂದು ಕಂಪ್ಯೂಟರ್, ಒಂದು ಯುಪಿಎಸ್, ಎರಡು ಖುರ್ಚಿ. ಏಪ್ರಿಲ್, ಮೇ ಬಂದರೆ ಒಳಗೆ ಮಂಡಕ್ಕಿ ಹುರಿಯಬಹುದು, ಅಷ್ಟು ಶೆಕೆ. ದುರದೃಷ್ಟಕ್ಕೆ ಮದುವೆಗಳೂ ಅದೇ ತಿಂಗಳಲ್ಲಿ ಜಾಸ್ತಿ.

ಒಂದು ಮದುವೆ ಅಂದ್ರೆ ಎಷ್ಟು ಫೂಟೇಜ್ ಬರುತ್ತೆ ಅಂತ ಹೊರಗಿನವರಿಗೆ ಅಂದಾಜು ಇರೋದಿಲ್ಲ. ಹಿಂದಿನ ದಿನ ಅರಿಷಿಣ, ಬೆಳಿಗ್ಗೆ ಸುರಗಿ, ಆಮೇಲೆ ಅಕ್ಕಿಕಾಳು, ಸ್ವಾಮಿಗಳ ಆಶೀರ್ವಚನ, ಊಟ, ಕೊನೆಗೆ ಹೆಣ್ಣು ಕಳಿಸುವಾಗಿನ ಅಳು. ಎರಡು ಕ್ಯಾಮೆರಾ, ಜೊತೆಗೆ ಯಾರೋ ಅಳಿಯನ ಮೊಬೈಲಿನಲ್ಲಿ ಹಿಡಿದ ಹತ್ತಾರು ಕ್ಲಿಪ್ಪು, ಅದೂ ಹಾಕ್ರಿ ಅಂತ ತಾಕೀತು. ಇದನ್ನೆಲ್ಲ ಪರದೆಯ ಟೈಮ್‌ಲೈನ್ ಅನ್ನೋ ಉದ್ದ ಪಟ್ಟಿಯ ಮೇಲೆ ಹಾಸಿದರೆ ಆರೇಳು ತಾಸಿನ ಉದ್ದದ ಹೊಲ. ಅದರ ಮೇಲೆ ಪ್ಲೇಹೆಡ್ ಅನ್ನೋ ಒಂದು ನೀಲಿ ಗೆರೆ. ಆ ಗೆರೆಯನ್ನು ಬೇಕಾದ ಜಾಗಕ್ಕೆ ಒಯ್ಯೋದೇ ನಮ್ಮ ಕೆಲಸದ ಮುಕ್ಕಾಲು ಪಾಲು.

ನಾನು ಸುಮ್ನೆ ಹೇಳ್ತಿಲ್ಲ. ಒಂದು ಸಲ ನಮ್ಮಲ್ಲಿ ಕೆಲಸ ಕಲಿಯುವ ಹುಡುಗನನ್ನು ಪಕ್ಕದಲ್ಲಿ ಕೂರಿಸಿ, ಒಂದು ಹಾಳೆ ಕೊಟ್ಟು, ನಾನು ಹತ್ತು ನಿಮಿಷ ಎಡಿಟ್ ಮಾಡ್ತೀನಿ, ಕತ್ತರಿಸಿದಾಗ ಈ ಕಡೆ ಗೀಟು ಹಾಕು, ಗೆರೆ ಸರಿಸಿದಾಗ ಆ ಕಡೆ ಹಾಕು ಅಂದೆ. ಈ ಕಡೆ 14 ಗೀಟು ಬಿದ್ದವು. ಆ ಕಡೆ ನೂರು ದಾಟಿದ ಮೇಲೆ ಅವನೇ ಪೆನ್ನು ಕೆಳಗಿಟ್ಟ. ಹೊಲದಲ್ಲಿ ಕೆಲಸ ಅರ್ಧ ತಾಸು, ಹೋಗಿ ಬರೋಕೆ ಎರಡು ತಾಸು ಅನ್ನುವ ರೈತನ ಗತಿ ನಮ್ಮದೂ.

ಮೊದಲ ನಾಲ್ಕು ವರ್ಷ ನಾನು ಆ ಗೆರೆಯನ್ನು ಮೌಸಿನಿಂದಲೇ ಎಳೆದೆ. ಮೇಲಿನ ಅಳತೆಪಟ್ಟಿ ಹಿಡಿದು ಎಳೆಯೋದು, ಜಾಸ್ತಿ ಮುಂದೆ ಹೋಯ್ತು ಅಂತ ಹಿಂದೆ ಎಳೆಯೋದು, ಜೂಮ್ ಮಾಡೋದು, ಮತ್ತೆ ಎಳೆಯೋದು. ಸೀಸನ್ ಮುಗಿಯುವ ಹೊತ್ತಿಗೆ ಬಲಗೈ ಮಣಿಕಟ್ಟು ಬಾತು ರೊಟ್ಟಿ ಮುರಿಯಲೂ ಆಗುತ್ತಿರಲಿಲ್ಲ. ಡಾಕ್ಟರು ಮೌಸ್ ಬಿಡಿ ಅಂದರು. ಎಡಿಟರ್‌ಗೆ ಮೌಸ್ ಬಿಡು ಅಂದ್ರೆ ಟ್ರ್ಯಾಕ್ಟರ್ ಓಡಿಸುವವನಿಗೆ ಸ್ಟೇರಿಂಗ್ ಬಿಡು ಅಂದ ಹಾಗೆ. ಆದರೆ ಅರ್ಧದಷ್ಟಾದರೂ ಬಿಡಬಹುದು ಅಂತ ಆಮೇಲೆ ಗೊತ್ತಾಯ್ತು.

ಮೊದಲು ಕಲಿತದ್ದು ಜೆ, ಕೆ, ಎಲ್. ಇದನ್ನು ಹೊಸದಾಗಿ ಹೊಂದಿಸುವ ಅಗತ್ಯ ಇಲ್ಲ, ಪ್ರೀಮಿಯರ್ ಪ್ರೊ, ಡಾವಿಂಚಿ ರಿಸಾಲ್ವ್, ಕೆಡೆನ್‌ಲೈವ್ ಅನ್ನೋ ಮೂರೂ ಎಡಿಟಿಂಗ್ ಸಾಫ್ಟ್‌ವೇರ್‌ಗಳಲ್ಲಿ ಮೊದಲೇ ಇದೆ. ಎಲ್ ಒತ್ತಿದರೆ ಮುಂದಕ್ಕೆ ಓಡುತ್ತೆ. ಕೆ ಒತ್ತಿದರೆ ನಿಲ್ಲುತ್ತೆ. ಜೆ ಒತ್ತಿದರೆ ಹಿಂದಕ್ಕೆ. ಎಲ್ ಅನ್ನು ಇನ್ನೊಂದು ಸಲ ಒತ್ತಿದರೆ ವೇಗ ಹೆಚ್ಚುತ್ತೆ, ಮತ್ತೆ ಒತ್ತಿದರೆ ಇನ್ನೂ ಹೆಚ್ಚುತ್ತೆ. ಇಷ್ಟು ಎಲ್ಲರಿಗೂ ಗೊತ್ತು. ಪ್ರೀಮಿಯರ್‌ನಲ್ಲಿ ಕೆ ಕೀಯನ್ನು ಹಿಡಿದುಕೊಂಡೇ ಎಲ್ ಒತ್ತಿ ಹಿಡಿದರೆ ನಿಧಾನಗತಿಯಲ್ಲಿ ಹೋಗುತ್ತೆ, ಕೆ ಹಿಡಿದು ಎಲ್ ಅನ್ನು ಸುಮ್ನೆ ತಟ್ಟಿದರೆ ಒಂದೇ ಒಂದು ಫ್ರೇಮ್, ಅಂದ್ರೆ ವಿಡಿಯೊದ ಒಂದೇ ಚಿತ್ರದಷ್ಟು, ಸರಿಯುತ್ತೆ ಅನ್ನೋದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ, ನನಗೂ ಐದನೇ ವರ್ಷದಲ್ಲಿ ಗೊತ್ತಾಯ್ತು.

ಅಕ್ಕಿಕಾಳಿನ ಕ್ಷಣ ತಗೊಳ್ಳಿ. ಗಟ್ಟಿಮೇಳ ಶುರುವಾಗುತ್ತೆ, ಎಲ್ಲರೂ ಒಟ್ಟಿಗೆ ಕೈ ಎತ್ತುತ್ತಾರೆ, ಹಳದಿ ಅಕ್ಕಿ ಗಾಳಿಯಲ್ಲಿ ಹಾರುತ್ತೆ. ನನಗೆ ಬೇಕಾಗಿರೋದು ಕಾಳು ಕೈಬಿಟ್ಟು ಇನ್ನೂ ತಲೆ ಮೇಲೆ ಬಿದ್ದಿರದ ಆ ಫ್ರೇಮ್. ನಮ್ಮಲ್ಲಿ ಸೆಕೆಂಡಿಗೆ 25 ಫ್ರೇಮ್ ಲೆಕ್ಕ, ಅಂದ್ರೆ ಒಂದು ಫ್ರೇಮ್ 40 ಮಿಲಿಸೆಕೆಂಡ್. ಮೌಸಿನಿಂದ ಇದನ್ನು ಹಿಡಿಯೋದು ಸೊಳ್ಳೆಯನ್ನು ಚಿಮಟದಲ್ಲಿ ಹಿಡಿದ ಹಾಗೆ. ಕೆ ಮೇಲೆ ನಡುಬೆರಳು ಇಟ್ಟು, ಎಲ್ ಅನ್ನು ಉಂಗುರ ಬೆರಳಿನಿಂದ ತಟ್ಟುತ್ತಾ ಹೋದರೆ, ಟಕ್ ಟಕ್ ಟಕ್, ಕಾಳು ಒಂದೊಂದಾಗಿ ಮೇಲೇರುತ್ತೆ. ಜಾಸ್ತಿ ಹೋಯ್ತಾ, ತೋರುಬೆರಳಿನಿಂದ ಜೆ ತಟ್ಟಿದರೆ ವಾಪಸ್. ಜೆ ಮೇಲೆ ಸಣ್ಣ ಉಬ್ಬು ಗೆರೆ ಇರುತ್ತಲ್ಲ, ಕೀಬೋರ್ಡ್ ನೋಡದೆಯೇ ಬೆರಳು ಅಲ್ಲಿ ಹೋಗಿ ಕೂರುತ್ತೆ.

ಆಶೀರ್ವಚನಕ್ಕೆ ಇನ್ನೊಂದು ಉಪಾಯ. ಸ್ವಾಮಿಗಳು ಮುಕ್ಕಾಲು ತಾಸು ಮಾತಾಡಿರುತ್ತಾರೆ, ಮನೆಯವರಿಗೆ ಅದರಲ್ಲಿ ಐದು ನಿಮಿಷ ಸಾಕು, ಆದರೆ ಜನ ನಕ್ಕ ಜಾಗ ಬಿಡಬಾರದು. ಎಲ್ ಎರಡು ಸಲ ಒತ್ತಿ ಕೇಳುತ್ತಾ ಕೂರ್ತೀನಿ. ಆ ವೇಗದಲ್ಲೂ ಮಾತು ತಿಳಿಯುತ್ತೆ. ನಗು ಕೇಳಿದ ಕೂಡಲೇ ಎಂ ಒತ್ತಿದರೆ ಮಾರ್ಕರ್ ಬೀಳುತ್ತೆ, ವಿಡಿಯೊ ನಿಲ್ಲಿಸಬೇಕಾಗಿಲ್ಲ. ಮುಗಿಯುವ ಹೊತ್ತಿಗೆ ಎಲ್ಲೆಲ್ಲಿ ನಕ್ಕಿದ್ದಾರೆ ಅನ್ನೋದು ಟೈಮ್‌ಲೈನ್ ಮೇಲೆ ಹಸಿರು ಚುಕ್ಕಿಗಳಾಗಿ ಕೂತಿರುತ್ತೆ.

ಇನ್ನು ನಾನೇ ಬದಲಾಯಿಸಿಕೊಂಡ ಕೀಗಳ ವಿಷಯ.

ಪ್ರೀಮಿಯರ್‌ನಲ್ಲಿ ಒಂದು ಕಟ್‌ನಿಂದ, ಅಂದ್ರೆ ಒಂದು ಕ್ಲಿಪ್ಪು ಮುಗಿದು ಇನ್ನೊಂದು ಶುರುವಾಗುವ ಜಾಗದಿಂದ, ಮುಂದಿನ ಕಟ್‌ಗೆ ಹಾರಲು ಕೆಳಬಾಣ, ಹಿಂದಿನದಕ್ಕೆ ಮೇಲ್ಬಾಣ. ಒಳ್ಳೆಯ ಕೀಗಳೇ. ಆದರೆ ಅವು ಇರೋದು ಬಲಗಡೆ ಮೂಲೆಯಲ್ಲಿ. ಬಲಗೈ ಜೆ ಕೆ ಎಲ್ ಮೇಲೆ ಇದ್ದರೆ ಅಲ್ಲಿಂದ ಎದ್ದು ಬಾಣಕ್ಕೆ ಹೋಗಬೇಕು, ಮೌಸಿನ ಮೇಲಿದ್ದರೆ ಮೌಸ್ ಬಿಟ್ಟು ಹೋಗಬೇಕು. ಅಷ್ಟರಲ್ಲಿ ಎಡಗೈ ಏನು ಮಾಡ್ತಿರುತ್ತೆ? ಮಿರ್ಚಿ ತಿಂತಿರುತ್ತೆ, ಅಥವಾ ಗಲ್ಲಕ್ಕೆ ಆಸರೆಯಾಗಿರುತ್ತೆ. ಈ ಕೂತು ಉಣ್ಣುವ ಕೈಗೆ ಕೆಲಸ ಹಚ್ಚಬೇಕು ಅನ್ನೋದೇ ನನ್ನ ಲೆಕ್ಕ.

ಕಂಟ್ರೋಲ್, ಆಲ್ಟ್, ಕೆ ಮೂರೂ ಒಟ್ಟಿಗೆ ಒತ್ತಿದರೆ ಕೀಬೋರ್ಡ್ ಶಾರ್ಟ್‌ಕಟ್ಸ್ ಕಿಟಕಿ ತೆರೆಯುತ್ತೆ. ಪರದೆ ಮೇಲೆ ಇಡೀ ಕೀಬೋರ್ಡಿನ ಚಿತ್ರ ಬರುತ್ತೆ. ನೇರಳೆ ಬಣ್ಣದ ಕೀಗಳು ಎಲ್ಲ ಕಡೆ ಕೆಲಸ ಮಾಡುವಂಥವು, ಹಸಿರು ಬಣ್ಣದವು ಯಾವುದೋ ಒಂದು ಪ್ಯಾನೆಲ್‌ಗೆ, ಅಂದ್ರೆ ಪರದೆಯ ಒಂದು ಖಾನೆಗೆ, ಮಾತ್ರ ಸೇರಿದವು, ಬಣ್ಣ ಇಲ್ಲದವು ಖಾಲಿ. ನಾನು ಅಲ್ಲಿ ಹಿಂದಿನ ಕಟ್‌ಗೆ ಎ ಕೊಟ್ಟೆ, ಮುಂದಿನ ಕಟ್‌ಗೆ ಎಸ್ ಕೊಟ್ಟೆ. ಎಸ್ ಮೊದಲು ಸ್ನ್ಯಾಪ್‌ಗೆ, ಅಂದ್ರೆ ಕ್ಲಿಪ್ಪುಗಳು ಒಂದಕ್ಕೊಂದು ಅಂಟುವ ವ್ಯವಸ್ಥೆಗೆ, ಸೇರಿತ್ತು, ಕಿಟಕಿಯ ಕೆಳಗೆ ಎಚ್ಚರಿಕೆಯೂ ಬಂತು, ಇರಲಿ ಅಂದೆ. ಡಿ ಒತ್ತಿದರೆ ಇಡೀ ಟೈಮ್‌ಲೈನ್ ಒಂದೇ ಪರದೆಯಲ್ಲಿ ಹಿಡಿಸುವ ಹಾಗೆ ಮಾಡಿಕೊಂಡೆ, ಅದು ಮೊದಲು ಬ್ಯಾಕ್‌ಸ್ಲ್ಯಾಶ್‌ನಲ್ಲಿತ್ತು. ಖಾಲಿಯಾದ ಬ್ಯಾಕ್‌ಸ್ಲ್ಯಾಶ್ ಅನ್ನು ಸ್ನ್ಯಾಪ್‌ಗೆ ಕೊಟ್ಟೆ. ಎಫ್ ಒತ್ತಿದರೆ ಮುಂದಿನ ಮಾರ್ಕರ್, ಶಿಫ್ಟ್ ಹಿಡಿದು ಎಫ್ ಒತ್ತಿದರೆ ಹಿಂದಿನ ಮಾರ್ಕರ್. ಎಫ್ ಮೊದಲು ಮ್ಯಾಚ್ ಫ್ರೇಮಿನದು, ಗೆರೆ ಇರುವ ಫ್ರೇಮನ್ನು ಮೂಲ ಕ್ಲಿಪ್ಪಿನಲ್ಲಿ ತೆರೆದು ತೋರಿಸೋದು, ಅದು ನನಗೆ ವರ್ಷಕ್ಕೆ ಎರಡು ಸಲ ಬೇಕಾಗುತ್ತೆ, ಮೆನುವಿಗೆ ಹೋಗಿ ಮಾಡ್ತೀನಿ. ಕ್ಯೂ ಮತ್ತು ಡಬ್ಲ್ಯು ಮುಟ್ಟಲಿಲ್ಲ. ಅವು ಗೆರೆಯ ಹಿಂದಿನ ತುಂಡನ್ನೋ ಮುಂದಿನ ತುಂಡನ್ನೋ ಕತ್ತರಿಸಿ, ಜಾಗವನ್ನೂ ಮುಚ್ಚಿ ಕೊಡುತ್ತವೆ. ಸಿ ಕೀ ಯಾಕೆ ಸವೆದಿಲ್ಲ ಅಂದ್ರೆ ಇದಕ್ಕೇ.

ಒಂದು ಮಾತು. ಹೊಸ ಹುಡುಗರು ಈ ಕಿಟಕಿ ತೆರೆದ ದಿನವೇ ಮೂವತ್ತು ಕೀ ಬದಲಾಯಿಸಿ ಮಾರನೇ ದಿನ ಒಂದೂ ನೆನಪಿಲ್ಲದೆ ಕೂರ್ತಾರೆ. ನಾನು ವಾರಕ್ಕೆ ಎರಡು ಬದಲಾಯಿಸಿದೆ. ಎ ಮತ್ತು ಎಸ್ ಬೆರಳಿಗೆ ಕೂತ ಮೇಲೆ ಡಿ. ಡಿ ಕೂತ ಮೇಲೆ ಎಫ್.

ಬಾಣದ ಕೀಗಳನ್ನು ಹಾಗೇ ಬಿಟ್ಟೆ, ಒಂದು ಸಣ್ಣ ತಿದ್ದುಪಡಿ ಮಾತ್ರ. ಎಡಬಾಣ, ಬಲಬಾಣ ಒಂದೊಂದು ಫ್ರೇಮ್ ಸರಿಸುತ್ತವೆ. ಶಿಫ್ಟ್ ಹಿಡಿದರೆ ಐದೈದು. ಈ ಐದು ನನಗೆ ಯಾವತ್ತೂ ಉಪಯೋಗಕ್ಕೆ ಬರಲಿಲ್ಲ, ಸಣ್ಣ ಕೆಲಸಕ್ಕೆ ಜಾಸ್ತಿ, ದೊಡ್ಡ ಕೆಲಸಕ್ಕೆ ಕಡಿಮೆ. ಪ್ರೆಫರೆನ್ಸಸ್ ಒಳಗೆ ಪ್ಲೇಬ್ಯಾಕ್ ಅನ್ನುವ ಭಾಗದಲ್ಲಿ ಆ 5 ಅನ್ನು ಅಳಿಸಿ 25 ಹಾಕಿದೆ. ಈಗ ಶಿಫ್ಟ್ ಹಿಡಿದು ಒಂದು ಬಾಣ ಒತ್ತಿದರೆ ಸರಿಯಾಗಿ ಒಂದು ಸೆಕೆಂಡ್. ರಿಸಾಲ್ವ್‌ನಲ್ಲಿ ಇದು ಮೊದಲಿನಿಂದಲೇ ಹೀಗೆ ಇದೆ.

ಕೀ ಒತ್ತಿದರೂ ಏನೂ ಆಗ್ತಿಲ್ಲ ಅಂತ ಹುಡುಗರು ದೂರು ತರುತ್ತಾರಲ್ಲ, ಹತ್ತರಲ್ಲಿ ಎಂಟು ಸಲ ಕಾರಣ ಒಂದೇ. ನೀಲಿ ಚೌಕಟ್ಟು ಎಲ್ಲಿದೆ ನೋಡಿ. ಪ್ರೀಮಿಯರ್‌ನಲ್ಲಿ ನೀವು ಕೊನೆಗೆ ಯಾವ ಪ್ಯಾನೆಲ್ ಮೇಲೆ ಕ್ಲಿಕ್ ಮಾಡಿದ್ದೀರೋ ಅದರ ಸುತ್ತ ತೆಳ್ಳಗೆ ನೀಲಿ ಗೆರೆ ಇರುತ್ತೆ, ಕೀಗಳು ಅದರ ಮಾತನ್ನೇ ಕೇಳುತ್ತವೆ. ಪ್ರಾಜೆಕ್ಟ್ ಪ್ಯಾನೆಲ್ ಮೇಲೆ ಕ್ಲಿಕ್ ಮಾಡಿ ಬಂದು ಕೆಳಬಾಣ ಒತ್ತಿದರೆ ಅಲ್ಲಿನ ಫೈಲುಗಳ ಪಟ್ಟಿಯಲ್ಲಿ ಕೆಳಗೆ ಇಳಿಯುತ್ತೆ, ಟೈಮ್‌ಲೈನ್ ಅಲ್ಲಾಡೋದಿಲ್ಲ. ಶಿಫ್ಟ್ ಮತ್ತು 3 ಒತ್ತಿದರೆ ಟೈಮ್‌ಲೈನ್‌ಗೆ ವಾಪಸ್. ನನ್ನ ಎಡಗೈ ಈಗ ಯೋಚನೆ ಇಲ್ಲದೆ ಅದನ್ನು ಒತ್ತುತ್ತೆ, ಮನೆಯೊಳಗೆ ಹೋಗುವಾಗ ಚಪ್ಪಲಿ ಬಿಟ್ಟ ಹಾಗೆ.

ಉಳಿದ ಎರಡು ಸಲಕ್ಕೆ ಕಾರಣ ನಮ್ಮ ಕನ್ನಡ. ಇದನ್ನು ಇಂಗ್ಲಿಷಿನಲ್ಲಿ ಬರೆದ ಯಾವ ಪಾಠದಲ್ಲೂ ನಾನು ನೋಡಿಲ್ಲ, ಅವರಿಗೆ ಈ ಕಷ್ಟವೇ ಇಲ್ಲ. ಟೈಟಲ್‌ನಲ್ಲಿ ಚಿ.ರಾ., ಚಿ.ಸೌ.ಕಾಂ. ಅಂತ ಬರೆದು, ಊರು, ತಾಲ್ಲೂಕು ಎಲ್ಲ ಟೈಪ್ ಮಾಡಿ, ಟೈಮ್‌ಲೈನ್‌ಗೆ ಬಂದು ಎಲ್ ಒತ್ತಿದರೆ ಸತ್ತ ಹಾಗೆ ಬಿದ್ದಿರುತ್ತೆ. ಕೆ ಇಲ್ಲ, ಎ ಇಲ್ಲ, ಏನೂ ಇಲ್ಲ. ಯಾಕಂದ್ರೆ ಕೀಬೋರ್ಡ್ ಇನ್ನೂ ಕನ್ನಡದಲ್ಲೇ ಇದೆ. ನಾವು ಬಳಸೋದು ಕೆ.ಪಿ. ರಾವ್ ಅವರ ವಿನ್ಯಾಸ, ಅದರಲ್ಲಿ ಜೆ ಅಂದ್ರೆ ಜ, ಕೆ ಅಂದ್ರೆ ಕ, ಎಲ್ ಅಂದ್ರೆ ಲ. ನಾನು ಓಡು ಅಂದದ್ದು ಅದಕ್ಕೆ ಲ ಅಂತ ಕೇಳಿಸಿದೆ, ಪಾಪ, ಲ ತಗೊಂಡು ಅದು ಏನು ಮಾಡಬೇಕು? ಮೊದಮೊದಲು ಸಾಫ್ಟ್‌ವೇರ್ ಹ್ಯಾಂಗ್ ಆಗಿದೆ ಅಂದುಕೊಂಡು ಮುಚ್ಚಿ ತೆರೆಯುತ್ತಿದ್ದೆ, ಒಂದು ಸಲ ಸೇವ್ ಮಾಡದೆ ಮುಚ್ಚಿ ಒಂದು ಮಧ್ಯಾಹ್ನದ ಕೆಲಸ ಕಳಕೊಂಡೆ. ಈಗ ವಿಂಡೋಸ್ ಕೀ ಮತ್ತು ಸ್ಪೇಸ್ ಒತ್ತಿ ಇಂಗ್ಲಿಷ್‌ಗೆ ಬರೋದನ್ನು ರೂಢಿ ಮಾಡಿಕೊಂಡಿದ್ದೇನೆ. ಅದಕ್ಕಿಂತ ಒಳ್ಳೆಯದು, ಟೈಟಲ್‌ಗಳನ್ನೆಲ್ಲ ಮೊದಲೇ ನೋಟ್‌ಪ್ಯಾಡಿನಲ್ಲಿ ಟೈಪ್ ಮಾಡಿಟ್ಟು ಅಂಟಿಸೋದು. ಹಾಗೇ ಒಂದು ವಿಷಯ, ಯುನಿಕೋಡ್ ಕನ್ನಡ ಅಂಟಿಸಿದಾಗ ಒತ್ತಕ್ಷರ ಒಡೆದು ಪಕ್ಕಕ್ಕೆ ಬಂದು ಕೂತರೆ ಫಾಂಟನ್ನು ಬೈಬೇಡಿ. ಪ್ರೆಫರೆನ್ಸಸ್‌ನ ಗ್ರಾಫಿಕ್ಸ್ ಭಾಗದಲ್ಲಿ ಸೌತ್ ಏಷ್ಯನ್ ಅಂಡ್ ಮಿಡಲ್ ಈಸ್ಟರ್ನ್ ಅನ್ನೋದನ್ನು ಆರಿಸಿ, ಸರಿ ಹೋಗುತ್ತೆ. ಚಿ.ಸೌ. ಹೆಸರಿನ ಒತ್ತು ತಪ್ಪಿದರೆ ಬೀಗರು ಇಡೀ ವಿಡಿಯೊ ಬಿಟ್ಟು ಅದೊಂದನ್ನೇ ಹಿಡಿದು ಜಗ್ಗುತ್ತಾರೆ.

ನಮ್ಮ ಹುಡುಗ ಮಾತ್ರ ಆ ಮೂರು ಕೀಗಳನ್ನು ಜಕಲ ಅಂತಲೇ ಕರೆಯುತ್ತಾನೆ. ಅಣ್ಣಾ, ಜಕಲ ಹೊಡೀರಿ. ನನಗೂ ಈಗ ಅದೇ ಬಾಯಿಗೆ ಬರುತ್ತೆ.

ಜಾತ್ರೆಯ ಒಂದು ಕೆಲಸ ಹೇಳಲೇಬೇಕು. ಜನವರಿಯಲ್ಲಿ ಗವಿಸಿದ್ಧೇಶ್ವರ ಜಾತ್ರೆ ಆಗುತ್ತಲ್ಲ, ಹಳ್ಳಿಹಳ್ಳಿಗಳಿಂದ ಜೋಳದ ರೊಟ್ಟಿ ಗಾಡಿಗಟ್ಟಲೆ ಬರೋದು, ತೇರು, ದಾಸೋಹ, ಜನವೋ ಜನ. ಪರಿಚಯದವರೊಬ್ಬರು ಮೂರು ನಿಮಿಷದ ತುಂಡು ಮಾಡಿಕೊಡು ಅಂದರು. ಹಿನ್ನೆಲೆಗೆ ಡೊಳ್ಳು ಬೇಕಂತೆ. ಡೊಳ್ಳಿನ ಪೆಟ್ಟಿಗೆ ಸರಿಯಾಗಿ ಚಿತ್ರ ಬದಲಾಗಬೇಕು. ಮೊದಲಾದರೆ ಧ್ವನಿಯ ಅಲೆಗಳನ್ನು ನೋಡಿ, ಜೂಮ್ ಮಾಡಿ, ಒಂದೊಂದೇ ಪೆಟ್ಟು ಹುಡುಕುತ್ತಿದ್ದೆ. ಈ ಸಲ ಎಲ್ ಒತ್ತಿ ಬಿಟ್ಟು, ಕಣ್ಣು ಮುಚ್ಚಿ, ಡೊಳ್ಳಿನ ಜೊತೆ ಎಂ ತಟ್ಟುತ್ತಾ ಹೋದೆ. ಧಿಮಿ ಧಿಮಿ ಅಂದಾಗಲೆಲ್ಲ ಒಂದು ತಟ್ಟು. ಕಣ್ಣು ಬಿಟ್ಟು ನೋಡಿದರೆ ಟೈಮ್‌ಲೈನ್ ತುಂಬ ಚುಕ್ಕಿ. ಮೊದಲ ಸಲ ಎಲ್ಲ ಚುಕ್ಕಿಯೂ ಪೆಟ್ಟಿಗಿಂತ ಮೂರು ನಾಲ್ಕು ಫ್ರೇಮ್ ತಡವಾಗಿ ಬಿದ್ದಿದ್ದವು, ಕಿವಿ ಕೇಳಿ ಬೆರಳು ತಟ್ಟುವಷ್ಟರಲ್ಲಿ ಅಷ್ಟು ಹೊತ್ತು ಹೋಗುತ್ತೆ. ಎರಡನೇ ಸಲ ತಾಳ ಮೈಗೆ ಹತ್ತಿತ್ತು, ಪೆಟ್ಟು ಬರುವ ಮೊದಲೇ ಬೆರಳು ಇಳಿಯುತ್ತಿತ್ತು. ಆಮೇಲೆ ಎಫ್ ಒತ್ತು, ಕ್ಲಿಪ್ಪು ಹಾಕು, ಎಫ್ ಒತ್ತು, ಕ್ಲಿಪ್ಪು ಹಾಕು. ರಾತ್ರಿ ಊಟದ ಹೊತ್ತಿಗೆ ಕೆಲಸ ಮುಗೀತು, ಅದೂ ಜಾತ್ರೆಯ ದಾಸೋಹದಲ್ಲೇ ಊಟ.

ಈಗ ಮರ್ಯಾದೆ ಹೋದ ಕಥೆ.

ಒಂದು ಮೇ ತಿಂಗಳಲ್ಲಿ ನನ್ನ ಕಂಪ್ಯೂಟರಿನ ಡಿಸ್ಕ್ ಕೈಕೊಟ್ಟಿತು. ಫೂಟೇಜ್ ಎಲ್ಲ ಹೊರಗಿನ ಡಿಸ್ಕಿನಲ್ಲಿತ್ತು, ಬಚಾವಾದೆ. ಆದರೆ ಎರಡು ದಿನದಲ್ಲಿ ಒಂದು ಮದುವೆ ಕೊಡಬೇಕಿತ್ತು. ಬಳ್ಳಾರಿಯಲ್ಲಿ ಗೆಳೆಯನದೊಂದು ಸ್ಟುಡಿಯೊ ಇದೆ, ಡಿಸ್ಕ್ ಚೀಲಕ್ಕೆ ಹಾಕಿಕೊಂಡು ಬೆಳಗಿನ ರೈಲು ಹತ್ತಿದೆ. ಹೊಸಪೇಟೆ ದಾಟಿ ಬಳ್ಳಾರಿಯಲ್ಲಿ ಇಳಿದರೆ ಬಿಸಿಲು ಕೊಪ್ಪಳಕ್ಕಿಂತ ಒಂದು ಕೈ ಮೇಲೆ, ಕೋಟೆಯ ಬಂಡೆ ದೂರದಿಂದಲೇ ಹೆಂಚಿನ ಹಾಗೆ ಕಾಯ್ದು ಕಾಣುತ್ತಿತ್ತು. ಗೆಳೆಯನ ರೂಮಿನಲ್ಲಿ ಎಸಿ ಇತ್ತು. ಅದಕ್ಕೇ ಇರಬೇಕು, ಮೈ ಮರೆತು ಕೆಲಸ ಶುರು ಮಾಡಿದೆ.

ಅವನ ಕೀಬೋರ್ಡಿನಲ್ಲಿ ಎ ಅಂದ್ರೆ ನನ್ನ ಎ ಅಲ್ಲ. ಅವನದು ಕಂಪನಿಯಿಂದ ಬಂದ ಹಾಗೇ ಇತ್ತು. ಅಲ್ಲಿ ಎ ಒತ್ತಿದರೆ ಟ್ರ್ಯಾಕ್ ಸೆಲೆಕ್ಟ್ ಫಾರ್ವರ್ಡ್, ಅಂದ್ರೆ ಆಮೇಲೆ ನೀವು ಯಾವ ಕ್ಲಿಪ್ ಮೇಲೆ ಕ್ಲಿಕ್ ಮಾಡಿದರೂ ಅಲ್ಲಿಂದ ಮುಂದಿನದೆಲ್ಲ ಒಟ್ಟಿಗೆ ಆಯ್ಕೆಯಾಗುತ್ತೆ, ಸ್ವಲ್ಪ ಎಳೆದರೆ ಇಡೀ ಮದುವೆ ಸರಿಯುತ್ತೆ. ಎಸ್ ಒತ್ತಿದರೆ ಸ್ನ್ಯಾಪ್ ಆರಿ ಹೋಗುತ್ತೆ, ಇನ್ನೊಂದು ಸಲ ಒತ್ತಿದರೆ ಹತ್ತುತ್ತೆ. ಸ್ನ್ಯಾಪ್ ಇದ್ದರೆ ಕ್ಲಿಪ್ಪುಗಳು ಅಯಸ್ಕಾಂತದ ಹಾಗೆ ಒಂದಕ್ಕೊಂದು ಅಂಟುತ್ತವೆ, ಇಲ್ಲದಿದ್ದರೆ ನೀವು ಬಿಟ್ಟ ಜಾಗದಲ್ಲೇ ಕೂರುತ್ತವೆ. ನಾನು ಅಭ್ಯಾಸದಂತೆ ಎ ಎಸ್ ಎ ಎಸ್ ಒತ್ತುತ್ತಲೇ ಇದ್ದೆ. ಗೆರೆ ಅಲ್ಲಾಡದೇ ಇದ್ದಾಗ ಓ ಇದು ನಮ್ಮದಲ್ಲ ಅಂತ ನೆನಪಾಗಿ ಬಾಣದ ಕೀಗೆ ಹೋಗ್ತಿದ್ದೆ, ಎರಡು ನಿಮಿಷಕ್ಕೆ ಮತ್ತೆ ಮರೆಯುತ್ತಿದ್ದೆ. ಸ್ನ್ಯಾಪ್ ಯಾವಾಗ ಹತ್ತಿದೆ ಯಾವಾಗ ಆರಿದೆ ಅನ್ನೋದು ಗಮನಕ್ಕೇ ಬರಲಿಲ್ಲ. ಜೂಮ್ ಕಡಿಮೆ ಇತ್ತು, ಎಲ್ಲ ಕ್ಲಿಪ್ಪೂ ಒಂದಕ್ಕೊಂದು ತಾಗಿಯೇ ಇದ್ದ ಹಾಗೆ ಕಾಣುತ್ತಿತ್ತು. ರಾತ್ರಿ ಎಕ್ಸ್‌ಪೋರ್ಟ್ ಮಾಡಿ, ಪೆನ್‌ಡ್ರೈವ್‌ಗೆ ಹಾಕಿ, ಮಾರನೇ ದಿನ ಕೊಟ್ಟೂ ಬಿಟ್ಟೆ.

ಎರಡು ದಿನ ಬಿಟ್ಟು ಹುಡುಗಿಯ ಅಪ್ಪನ ಫೋನು. ಸಿಟ್ಟಿರಲಿಲ್ಲ, ಗಾಬರಿ ಇತ್ತು. "ವಿಡಿಯೊ ಚೊಲೊ ಬಂದೈತಿ. ಆದ್ರ ನಡುನಡುವ ಕರೆಂಟ್ ಹೋಗಿ ಬಂದಂಗ ಆಗ್ತೈತಲ್ಲ, ನಮ್ಮ ಟಿವಿ ಕೆಟ್ಟೈತೇನು?"

ಟಿವಿ ಕೆಟ್ಟಿರಲಿಲ್ಲ. ಕ್ಲಿಪ್ಪುಗಳ ನಡುವೆ ಒಂದೊಂದು ಫ್ರೇಮಿನ ಬಿರುಕು. ಒಂದೊಂದು ಬಿರುಕೂ 40 ಮಿಲಿಸೆಕೆಂಡಿನ ಕತ್ತಲು. ಗೆಳೆಯನ ಸಣ್ಣ ಮಾನಿಟರಿನಲ್ಲಿ ಕಣ್ಣಿಗೆ ಬೀಳದ್ದು ಅವರ ಮನೆಯ ದೊಡ್ಡ ಟಿವಿಯಲ್ಲಿ ಸೊಡರು ಆರಿ ಹತ್ತಿದ ಹಾಗೆ ಕಂಡಿದೆ. ಸುರಗಿಯಲ್ಲಿ ಮೂರು, ಅಕ್ಕಿಕಾಳಿನಲ್ಲಿ ಎರಡು, ಊಟದಲ್ಲಿ ಲೆಕ್ಕ ಇಲ್ಲ.

ಅಷ್ಟರಲ್ಲಿ ನನ್ನ ಕಂಪ್ಯೂಟರ್ ರಿಪೇರಿಯಾಗಿ ಬಂದಿತ್ತು, ಪ್ರಾಜೆಕ್ಟ್ ತೆರೆದು ಸರಿ ಮಾಡಲು ಕೂತೆ. ಇಲ್ಲಿ ನನ್ನ ಎಸ್ ಕೀ ಉಪಕಾರ ಮಾಡ್ತು. ಒಂದೊಂದೇ ಕಟ್ ಹಾರುತ್ತಾ ಹೋದರೆ ಸಾಮಾನ್ಯವಾಗಿ ಗೆರೆ ದೂರ ದೂರ ಜಿಗಿಯುತ್ತೆ. ಬಿರುಕು ಇದ್ದ ಕಡೆ ಎಸ್ ಒತ್ತಿದರೆ ಗೆರೆ ಅಲ್ಲಾಡಿದ ಹಾಗೇ ಕಾಣೋದಿಲ್ಲ, ಒಂದೇ ಫ್ರೇಮ್ ಸರಿದಿರುತ್ತೆ, ಆದರೆ ಕಪ್ಪಾಗಿದ್ದ ಚಿತ್ರ ಪಟ್ ಅಂತ ಬೆಳಗುತ್ತೆ. ಹೀಗೆ ಹಿಡಿದು ಹಿಡಿದು ಮುಚ್ಚಿದೆ. ಅರ್ಧ ಮುಗಿದ ಮೇಲೆ ಗೊತ್ತಾಯ್ತು, ಪ್ರೀಮಿಯರ್‌ನಲ್ಲಿ ಬಿರುಕು ಹುಡುಕೋಕೇ ಬೇರೆ ಕೀ ಇದೆ, ಶಿಫ್ಟ್ ಹಿಡಿದು ಅರ್ಧವಿರಾಮದ ಕೀ ಒತ್ತಿದರೆ ಗೆರೆ ನೇರ ಮುಂದಿನ ಬಿರುಕಿಗೆ ಹೋಗಿ ನಿಲ್ಲುತ್ತೆ. ಸೀಕ್ವೆನ್ಸ್ ಮೆನುವಿನಲ್ಲಿ ಗೋ ಟು ಗ್ಯಾಪ್ ಅಂತಲೂ ಇದೆ. ಈಗ ಯಾವ ಕೆಲಸ ಕೊಡುವ ಮೊದಲೂ ಅದನ್ನು ಒಂದು ಸುತ್ತು ಹೊಡೆಸ್ತೀನಿ.

ಕಟ್‌ನಿಂದ ಕಟ್‌ಗೆ ಹಾರುವ ಈ ಕೀ ಬಗ್ಗೆ ಇನ್ನೊಂದು ಸೂಕ್ಷ್ಮ ಇದೆ, ಇದು ತಿಳಿಯದೆ ಬಹಳ ಜನ ಕೆಲಸ ಮಾಡ್ತಿಲ್ಲ ಅಂತ ಬಿಟ್ಟುಬಿಡ್ತಾರೆ. ಟೈಮ್‌ಲೈನ್ ಮೇಲೆ ವಿಡಿಯೊ, ಧ್ವನಿ ಒಂದರ ಮೇಲೊಂದು ಸಾಲಾಗಿ ಕೂರುತ್ತವೆ, ಆ ಒಂದೊಂದು ಸಾಲೂ ಒಂದು ಟ್ರ್ಯಾಕು. ಅದು ಎಲ್ಲ ಟ್ರ್ಯಾಕಿನ ಕಟ್‌ಗಳಿಗೂ ಹೋಗೋದಿಲ್ಲ. ಟೈಮ್‌ಲೈನಿನ ಎಡಗಡೆ ವಿ1, ವಿ2, ಎ1 ಅಂತ ಇರುತ್ತಲ್ಲ, ಅಲ್ಲಿ ನೀಲಿಯಾಗಿ ಬೆಳಗುತ್ತಿರುವ ಟ್ರ್ಯಾಕಿನ ಕಟ್‌ಗಳಲ್ಲಿ ಮಾತ್ರ ನಿಲ್ಲುತ್ತೆ. ಎರಡು ಕ್ಯಾಮೆರಾ ಇದ್ದಾಗ ಇದು ವರ. ವಿ1 ಮಾತ್ರ ಬೆಳಗಿಸಿಟ್ಟರೆ ಮೊದಲ ಕ್ಯಾಮೆರಾದ ಕಟ್‌ಗಳಲ್ಲಷ್ಟೇ ನಡೆಯಬಹುದು, ಕೆಳಗಿನ ಹಾಡಿನ ಟ್ರ್ಯಾಕಿನ ತುಂಡುಗಳು ಕಾಲಿಗೆ ತೊಡರುವುದಿಲ್ಲ. ಎಲ್ಲ ಟ್ರ್ಯಾಕೂ ಬೇಕು ಅಂದ್ರೆ ಶಿಫ್ಟ್ ಹಿಡಿದು ಮೇಲ್ಬಾಣ, ಕೆಳಬಾಣ.

ಬಳ್ಳಾರಿಯ ಪಾಠ ಆದ ಮೇಲೆ ನನ್ನ ಕೀಗಳನ್ನು ಜೇಬಿನಲ್ಲೇ ಇಟ್ಟುಕೊಂಡು ಓಡಾಡ್ತೀನಿ. ಶಾರ್ಟ್‌ಕಟ್ ಕಿಟಕಿಯಲ್ಲೇ ಸೇವ್ ಆ್ಯಸ್ ಕೊಟ್ಟು ಒಂದು ಹೆಸರಿಟ್ಟರೆ ಅದು ಕೆವೈಎಸ್ ಅನ್ನುವ ಬಾಲದ ಒಂದು ಸಣ್ಣ ಫೈಲಾಗಿ ಕೂರುತ್ತೆ. ವಿಂಡೋಸ್ ಆದರೆ ಡಾಕ್ಯುಮೆಂಟ್ಸ್ ಒಳಗೆ ಅಡೋಬಿ, ಅದರೊಳಗೆ ಪ್ರೀಮಿಯರ್ ಪ್ರೊ, ಅದರೊಳಗೆ ಆವೃತ್ತಿಯ ಸಂಖ್ಯೆ, ಅದರೊಳಗೆ ಪ್ರೊಫೈಲ್, ಕೊನೆಗೆ ವಿನ್ ಅನ್ನುವ ಫೋಲ್ಡರ್. ಆ ಫೈಲನ್ನು ಪೆನ್‌ಡ್ರೈವ್‌ಗೂ ಹಾಕಿದ್ದೇನೆ, ವಾಟ್ಸಾಪಿನಲ್ಲಿ ನನಗೆ ನಾನೇ ಕಳಿಸಿಕೊಂಡೂ ಇದ್ದೇನೆ. ಬೇರೆಯವರ ಕಂಪ್ಯೂಟರಿಗೆ ಹೋದರೆ ಅದೇ ಫೋಲ್ಡರಿಗೆ ಹಾಕಿ, ಕಿಟಕಿಯ ಮೇಲ್ಗಡೆ ಪಟ್ಟಿಯಲ್ಲಿ ನನ್ನ ಹೆಸರು ಆರಿಸಿದರೆ ಮುಗೀತು. ಎದ್ದು ಬರುವಾಗ ಅವರದನ್ನು ವಾಪಸ್ ಆರಿಸಿ ಬರಬೇಕು. ಇದನ್ನು ಮರೆತು ಬಂದು ಗೆಳೆಯನಿಂದ ಬೈಗುಳ ತಿಂದದ್ದೂ ಇದೆ.

ರಿಸಾಲ್ವ್ ಬಳಸುವವರಿಗೆ ಅಷ್ಟೇನೂ ಕಷ್ಟ ಇಲ್ಲ. ಅಲ್ಲೂ ಕಂಟ್ರೋಲ್, ಆಲ್ಟ್, ಕೆ ಒತ್ತಿದರೆ ಇಂಥದ್ದೇ ಕಿಟಕಿ. ಪ್ರೀಮಿಯರ್‌ನ ಕೀಗಳನ್ನೇ ಹಾಕಿಕೊಡುವ ಸಿದ್ಧ ಪಟ್ಟಿಯೂ ಅದರಲ್ಲಿದೆ, ಹಾಗಾಗಿ ಇಲ್ಲಿಂದ ಅಲ್ಲಿಗೆ ಹೋದವರ ಬೆರಳಿಗೆ ಹೊಸ ಪಾಠ ಬೇಕಿಲ್ಲ. ಉಚಿತ ಆವೃತ್ತಿಯಲ್ಲೂ ಇದೆಲ್ಲ ಸಿಗುತ್ತೆ. ಕೆಡೆನ್‌ಲೈವ್‌ನಲ್ಲಿ ಸೆಟ್ಟಿಂಗ್ಸ್ ಮೆನುವಿಗೆ ಹೋಗಬೇಕು. ಅದು ಪೂರ್ತಿ ಉಚಿತ, ಮುಕ್ತ ತಂತ್ರಾಂಶ, ಹಳೇ ಕಂಪ್ಯೂಟರ್ ಇರುವ ಹುಡುಗರಿಗೆ ನಾನು ಅದರಲ್ಲೇ ಕಲಿಯಿರಿ ಅಂತೀನಿ. ಕೀಗಳ ಹೆಸರು ಬೇರೆ ಇರಬಹುದು, ಬೆರಳಿನ ಅಭ್ಯಾಸ ಎಲ್ಲಿಗಾದರೂ ಬರುತ್ತೆ.

ನಮ್ಮ ಹುಡುಗನ ಬಗ್ಗೆ ಹೇಳಿದೆನಲ್ಲ, ಅವನು ಕಿನ್ನಾಳದವ. ಅವರ ಮನೆಯಲ್ಲಿ ಕಟ್ಟಿಗೆಯ ಬೊಂಬೆಗೆ ಬಣ್ಣ ಹಚ್ಚುವ ಕೆಲಸ ತಲೆಮಾರಿನಿಂದ ಬಂದದ್ದು. ನನ್ನ ಕೀಬೋರ್ಡಿನ ಅಳಿಸಿದ ಎ ಮತ್ತು ಎಸ್ ನೋಡಿ ಒಂದು ದಿನ ಮನೆಯಿಂದ ಸಣ್ಣ ಕುಂಚ, ಬಣ್ಣ ತಂದ. ಎ ಮೇಲೆ ಹಳದಿ ಬೊಟ್ಟು, ಎಸ್ ಮೇಲೆ ಕೆಂಪು, ಡಿ ಮೇಲೆ ಹಸಿರು. ಕೂದಲೆಳೆಯಷ್ಟು ತೆಳುವಾಗಿ ಸುತ್ತ ಬಿಳಿ ಅಂಚು ಬೇರೆ. ನೋಡಲು ಅಂದ. ಆದರೆ ಇಡೀ ದಿನ ಬೆವರು ಬೆರಳು ತಿಕ್ಕಿದರೆ ಯಾವ ಬಣ್ಣ ನಿಲ್ಲುತ್ತೆ? ಮೂರು ವಾರಕ್ಕೆ ಎಸ್ ಮತ್ತೆ ಕಪ್ಪು.

ಅವನಿಗೆ ಕೆಲಸ ಕಲಿಸಲು ಕೂರಿಸಿದಾಗ ನಾನು ಇಷ್ಟು ದಿನ ಮಾಡಿಕೊಂಡ ವ್ಯವಸ್ಥೆಯೆಲ್ಲ ತಲೆಕೆಳಗಾಯ್ತು. ಅವನು ಎಡಚ. ಮೌಸ್ ಹಿಡಿಯೋದು ಎಡಗೈಯಲ್ಲಿ. ನನ್ನ ಎ ಎಸ್ ಡಿ ಎಫ್ ಎಲ್ಲ ಅವನ ಮೌಸಿನ ಕೈ ಕಡೆಯೇ ಬರುತ್ತವೆ, ಬಲಗೈ ಸುಮ್ನೆ ಕೂರುತ್ತೆ. ಎರಡು ದಿನ ಕೈಗೆ ಕೈ ಅಡ್ಡ ಹಾಕಿ ಒದ್ದಾಡಿದ, ನೋಡೋಕೇ ಆಗ್ತಿರಲಿಲ್ಲ. ಮೂರನೇ ದಿನ ಕಿಟಕಿ ತೆರೆದು ಕೊಟ್ಟು, ನಿನಗೆ ಬೇಕಾದ ಹಾಗೆ ಮಾಡಿಕೋ ಅಂದೆ. ಅವನು ಜಕಲ ಮುಟ್ಟಲಿಲ್ಲ. ಅದರ ಮೇಲಿನ ಸಾಲಿನ ಯು ಹಿಂದಿನ ಕಟ್‌ಗೆ, ಓ ಮುಂದಿನದಕ್ಕೆ, ನಡುವಿನ ಐ ಇಡೀ ಟೈಮ್‌ಲೈನ್ ತೋರಿಸಲು. ಐ ಮತ್ತು ಓ ಅಂದ್ರೆ ಬೇಕಾದ ತುಂಡಿನ ಶುರು, ಕೊನೆ ಗುರುತಿಸುವ ಇನ್ ಪಾಯಿಂಟ್, ಔಟ್ ಪಾಯಿಂಟ್ ಕಣೋ, ಯಾರೂ ಅವನ್ನು ಮುಟ್ಟೋದಿಲ್ಲ ಅಂದೆ. ಅವನ್ನು ಕ್ಯೂ, ಡಬ್ಲ್ಯುಗೆ ಕಳಿಸೀನಿ ಅಣ್ಣಾ, ಅವು ನನಗ ದೂರ ಅದಾವು, ಅಂದ. ನನಗೆ ತಲೆ ತಿರುಗಿತು. ಆದರೆ ಅವನ ಕೈ ನಿಲ್ಲದೆ ಓಡುತ್ತಿತ್ತು, ಬಾಯಿ ಮುಚ್ಚಿಕೊಂಡೆ.

ಈಗ ಪಟ್ಟಿಯಲ್ಲಿ ಎರಡು ಹೆಸರು, ಬಲ ಮತ್ತು ಎಡ. ಹಗಲು ನಾನು, ಸಂಜೆ ಆರರ ಮೇಲೆ ಅವನು. ಬೆಳಿಗ್ಗೆ ಬಂದು ಊದುಬತ್ತಿ ಹಚ್ಚಿ ನಾನು ಮಾಡುವ ಮೊದಲ ಕೆಲಸ ಎಡದಿಂದ ಬಲಕ್ಕೆ ಬದಲಾಯಿಸೋದು. ಮೊನ್ನೆ ಮರೆತು ಕೂತೆ. ಕ್ಯೂ ಒತ್ತಿದೆ, ಏನೂ ಕತ್ತರಿಸಲಿಲ್ಲ, ಟೈಮ್‌ಲೈನ್ ಮೇಲೆ ಇನ್ ಪಾಯಿಂಟ್ ಬಂದು ಕೂತಿತು. ಎಸ್ ಒತ್ತಿದೆ, ಸ್ನ್ಯಾಪ್ ಆರಿತು. ಈ ಸಲ ತಕ್ಷಣ ಗೊತ್ತಾಯ್ತು. ಕೀಬೋರ್ಡ್ ಕಡೆ ನೋಡಿದರೆ ಯು ಮತ್ತು ಓ ಮೇಲೆ ಹೊಸ ಬಣ್ಣದ ಬೊಟ್ಟು, ಇನ್ನೂ ಪೂರ್ತಿ ಒಣಗಿರಲಿಲ್ಲ.